ವನವಾಸಕ್ಕೆ ಎರಡು ಎ.ಸಿ.

ಶ್ರೀರಾಮ ವನವಾಸಕ್ಕೆ ಹೊರಟಾಗ ನಾರುಮಡಿ ಉಟ್ಟ, ಬಿಲ್ಲು ಹೆಗಲಿಗೇರಿಸಿದ, ಹೆಂಡತಿಯನ್ನೂ ತಮ್ಮನನ್ನೂ ಕರೆದುಕೊಂಡು ನಡೆದುಬಿಟ್ಟ. ಅವನಿಗೇನು, ಹದಿನಾಲ್ಕು ವರ್ಷದ ವ್ಯವಹಾರ, ಬೇಕಾದ್ದನ್ನು ನಿಧಾನವಾಗಿ ಒಂದೊಂದೇ ಜೋಡಿಸಿಕೊಳ್ಳಬಹುದಿತ್ತು. ನಮ್ಮ ಅಕ್ಕ-ಭಾವ ಶುಕ್ರವಾರ ಸಂಜೆ ಹೊರಟರೆ ಭಾನುವಾರ ಮಧ್ಯಾಹ್ನಕ್ಕೆ ವಾಪಸ್ಸು. ಇಷ್ಟು ಚಿಕ್ಕ ವನವಾಸಕ್ಕೆ ತಯಾರಿಯಾದರೂ ದೊಡ್ಡದಿರಬೇಡವೆ? ಹಾಗಾಗಿ 28 ಅಡಿ ಉದ್ದದ ಟ್ರೇಲರ್ರು, ಅದನ್ನೆಳೆಯಲು ಒಂದು ಟ್ರಕ್ಕು, ಟ್ರೇಲರಿನೊಳಗೆ ಮಂಚ, ಸೋಫಾ, ಒಲೆ, ಫ್ರಿಜ್ಜು, ಮೈಕ್ರೋವೇವು, ಕಮೋಡು, ಷವರ್ರು, ಟೀವಿ. ಪರ್ಣಕುಟಿಯ ನೆತ್ತಿಯ ಮೇಲೆ ಎ.ಸಿ. ಅದೂ ಒಂದಲ್ಲ, ಎರಡು. ಎರಡನೆಯದು ಈಚೆಗೆ ಬಂದು ಕೂತದ್ದು. ನಾನು ಹೇಳಹೊರಟಿರುವುದು ಅದರ ಪುರಾಣ.

ಊರು ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್. ಪಕ್ಕದ ಚಾಂಡ್ಲರಿನಲ್ಲಿ ಇಂಟೆಲ್‌ನ ಚಿಪ್ ಕಾರ್ಖಾನೆ ಇರುವುದರಿಂದ ಇಲ್ಲಿ ನಮ್ಮ ಜನಕ್ಕೆ ಬರವಿಲ್ಲ. ಯುಗಾದಿಗೆ ಒಬ್ಬಟ್ಟೂ ಸಿಗುತ್ತದೆ, ಒಬ್ಬಟ್ಟಿನ ಸಾರೂ ಸಿಗುತ್ತದೆ. ಬರವಿರುವುದು ನೆರಳಿಗೆ. 2023ರಲ್ಲಿ ಜೂನ್ ಕೊನೆಯ ದಿನ ಶುರುವಾದ ಬಿಸಿಲು 31 ದಿನ ಎಡೆಬಿಡದೆ 43 ಡಿಗ್ರಿ ಸೆಲ್ಷಿಯಸ್‌ನ ಮೇಲೇ ನಿಂತಿತು. 1990ರ ಜೂನ್ 26ರಂದು ಈ ಊರಲ್ಲಿ 50 ಡಿಗ್ರಿ ಮುಟ್ಟಿ, ಅಷ್ಟು ಸೆಕೆಯಲ್ಲಿ ವಿಮಾನ ಮೇಲೇಳಲು ಎಷ್ಟು ರನ್‌ವೇ ಬೇಕು ಅನ್ನುವ ಲೆಕ್ಕ ಕೈಪಿಡಿಯಲ್ಲೇ ಇಲ್ಲದೆ ಕೆಲಕಾಲ ಹಾರಾಟ ನಿಲ್ಲಿಸಿದ್ದರು. ವಿಮಾನವೇ ಬೇಡಪ್ಪಾ ಅಂದ ಬಿಸಿಲಿಗೆ ನಮ್ಮ ಭಾವ ಟ್ರೇಲರ್ ಕಟ್ಟಿಕೊಂಡು ಹೊರಟರು.

ಭಾವನವರು ರಾಯಚೂರಿನವರು. ಈ ಒಂದು ಸಂಗತಿ ನೆನಪಿಟ್ಟುಕೊಂಡರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ. “ಏನಪಾ, ರಾಯಚೂರಾಗ ಹುಟ್ಟಿದವಗ ಬಿಸಿಲು ಹೇಳಿಕೊಡಾಕ ಬಂದೀಯೇನು?” ಅನ್ನುವುದು ಅವರ ಖಾಯಂ ಮಾತು. ನಿಜವೇ. ಆದರೆ ಅವರು ಬೆಳೆದದ್ದು ಎರಡಡಿ ದಪ್ಪದ ಗೋಡೆ, ಮಣ್ಣಿನ ಮಾಳಿಗೆಯ ಮನೆಯಲ್ಲಿ. ಅಂಥ ಗೋಡೆಯನ್ನು ದಾಟಿ ಮಧ್ಯಾಹ್ನದ ಬಿಸಿಲು ಒಳಗೆ ಕಾಲಿಡುವಷ್ಟರಲ್ಲಿ ರಾತ್ರಿಯಾಗಿರುತ್ತದೆ, ಮನೆಮಂದಿ ಮಾಳಿಗೆ ಮೇಲೆ ಹಾಸಿಗೆ ಹಾಕಿಕೊಂಡಾಗಿರುತ್ತದೆ. ಟ್ರೇಲರಿನ ಗೋಡೆ ಎರಡು ಇಂಚು. ಹೊರಗೊಂದು ತೆಳು ಹಾಳೆ, ಒಳಗೊಂದು ತೆಳು ಹಲಗೆ, ನಡುವೆ ಒಂದಿಷ್ಟು ಫೋಮು. ಎರಡಡಿಗೂ ಎರಡು ಇಂಚಿಗೂ ಇರುವ ಅಂತರವನ್ನು ರಾಯಚೂರಿನ ಅಭಿಮಾನದಿಂದ ತುಂಬಲಾಗುವುದಿಲ್ಲ.

ಟ್ರೇಲರ್ ಕೊಂಡದ್ದು ಫೆಬ್ರುವರಿಯಲ್ಲಿ. ಫೀನಿಕ್ಸಿನ ಫೆಬ್ರುವರಿ ಅಂದರೆ ದೇವಲೋಕ. ಉತ್ತರದ ಹಿಮದಿಂದ ತಪ್ಪಿಸಿಕೊಂಡು ಬಂದ ನಿವೃತ್ತರು ಕ್ವಾರ್ಟ್ಜ್‌ಸೈಟ್ ಅನ್ನುವ ಮರುಭೂಮಿಯ ಹಳ್ಳಿಯಲ್ಲಿ ಸಾವಿರಾರು ಟ್ರೇಲರ್ ನಿಲ್ಲಿಸಿಕೊಂಡು ಜಾತ್ರೆ ನಡೆಸುವ ಕಾಲ ಅದು. ಅಂಥ ಹವೆಯಲ್ಲಿ ಮಾರಾಟದವನು ಎ.ಸಿ. ಹಾಕಿ ತೋರಿಸಿದ. ಹೊರಗೇ 22 ಡಿಗ್ರಿ ಇದ್ದಾಗ ಒಳಗೆ ತಣ್ಣಗಿರುವುದರಲ್ಲಿ ಎ.ಸಿ.ಯ ಪ್ರತಾಪ ಎಷ್ಟು, ಫೆಬ್ರುವರಿಯ ಪುಣ್ಯ ಎಷ್ಟು ಅಂತ ಅಕ್ಕ ಕೇಳಿದ್ದಳು. ಗಂಡಸರಿಬ್ಬರೂ ಟಯರು ನೋಡುವುದರಲ್ಲಿ ಮಗ್ನರಾಗಿದ್ದರು.

ಜೂನ್ ಬಂತು. ಲೇಕ್ ಹವಾಸುಗೆ ಹೋಗೋಣ ಅಂದರು ಭಾವ. ಕೊಲರಾಡೋ ನದಿಗೆ ಅಣೆಕಟ್ಟು ಕಟ್ಟಿ ಮಾಡಿದ ಸರೋವರ ಅದು. ಪಕ್ಕದ ಊರಲ್ಲಿ ಲಂಡನ್ ಬ್ರಿಡ್ಜ್ ಇದೆ. ತಮಾಷೆಯಲ್ಲ, ಲಂಡನ್ನಿನವರು ಮಾರಾಟಕ್ಕಿಟ್ಟ ಹಳೇ ಸೇತುವೆಯನ್ನು 1968ರಲ್ಲಿ ಇಲ್ಲಿನ ಒಬ್ಬ ಉದ್ಯಮಿ ಕೊಂಡು, ಕಲ್ಲಿಗೆ ಕಲ್ಲು ನಂಬರು ಹಾಕಿ ತರಿಸಿ, 1971ರ ಹೊತ್ತಿಗೆ ಮರುಭೂಮಿಯಲ್ಲಿ ನಿಲ್ಲಿಸಿದ. ಅರಿಜೋನಾದ ಇತಿಹಾಸದಲ್ಲೇ ಅತಿ ಹೆಚ್ಚಿನ ತಾಪಮಾನ ದಾಖಲಾದದ್ದೂ ಈ ಊರಲ್ಲೇ, 1994ರ ಜೂನಿನಲ್ಲಿ, 53 ಡಿಗ್ರಿ. ಸೇತುವೆಯ ವಿಷಯ ಭಾವನವರಿಗೆ ಗೊತ್ತಿತ್ತು. 53ರ ವಿಷಯ ಗೊತ್ತಿದ್ದದ್ದು ಅಕ್ಕನಿಗೆ.

ಮಧ್ಯಾಹ್ನ ಮೂರು ಗಂಟೆಗೆ ಟ್ರೇಲರಿನೊಳಗೆ 34 ಡಿಗ್ರಿ. ಎ.ಸಿ. ಬೆಳಗಿನಿಂದ ಒಂದು ಕ್ಷಣ ಉಸಿರು ಬಿಡದೆ ಓಡುತ್ತಿತ್ತು. ಭಾವ ತಾಪಮಾನ ಅಳೆಯುವ ಪಿಸ್ತೂಲು ಹಿಡಿದು ಚಾವಣಿಗೆ, ಕಿಟಕಿಗೆ, ಬಾಗಿಲಿಗೆ, ಕೊನೆಗೆ ನನ್ನ ಹಣೆಗೂ ಗುರಿಯಿಟ್ಟು ನೋಡಿದರು. ಎ.ಸಿ.ಯ ಬಾಯಿಂದ ಬರುವ ಗಾಳಿ ತಣ್ಣಗೇ ಇತ್ತು. ಒಳಹೋದ ಗಾಳಿಗಿಂತ ಹೊರಬಂದ ಗಾಳಿ 11 ಡಿಗ್ರಿ ಕಡಿಮೆ. ಇಂಥ ಯಂತ್ರದಿಂದ ಇಷ್ಟು ಬಂದರೆ ಅದು ನೆಟ್ಟಗಿದೆ ಎಂದೇ ಲೆಕ್ಕ. ಭಾವ ತೀರ್ಪು ಕೊಟ್ಟರು: “ಎ.ಸಿ. ಸಣ್ಣದಿಲ್ಲ, ಬಿಸಿಲು ದೊಡ್ಡದೈತಿ.”

ತೀರ್ಪು ತಪ್ಪೇನಲ್ಲ. ಟ್ರೇಲರಿನ ಎ.ಸಿ.ಯ ಸಾಮರ್ಥ್ಯ 13,500 ಬಿ.ಟಿ.ಯು. ಗಂಟೆಗೆ 12,000 ಬಿ.ಟಿ.ಯು. ಶಾಖ ಹೊರಹಾಕಿದರೆ ಅದಕ್ಕೆ ಒಂದು ಟನ್ ಅನ್ನುತ್ತಾರೆ; ಬೆಂಗಳೂರಿನ ಅಂಗಡಿಯಲ್ಲಿ ಒಂದೂವರೆ ಟನ್ ಕೊಡಿ ಎಂದು ನಾವು ಕೇಳುವುದು ಇದೇ ಲೆಕ್ಕದಲ್ಲಿ. ಅಲ್ಲಿ ಹತ್ತು-ಹನ್ನೆರಡರ ಒಂದು ಕೋಣೆಗೆ ಒಂದು ಟನ್ ಹಾಕುತ್ತಾರೆ, ಆ ಕೋಣೆಗೆ ಬಿಸಿಲು ಬೀಳುವುದು ಒಂದು ಗೋಡೆಗೋ ಎರಡಕ್ಕೋ. ಟ್ರೇಲರು 28 ಅಡಿ ಉದ್ದ, 8 ಅಡಿ ಅಗಲ, ಅಂದರೆ ಹತ್ತಿರ ಹತ್ತಿರ ಅದರ ಎರಡರಷ್ಟು. ಬಿಸಿಲು ಮೇಲಿಂದ, ನಾಲ್ಕು ಕಡೆಯಿಂದ, ಸಾಲದ್ದಕ್ಕೆ ಕೆಳಗೆ ಕಾದ ಡಾಂಬರಿನಿಂದಲೂ. ಕಿಟಕಿಗೆ ಒಂದೇ ಪದರದ ಗಾಜು. ತಂಪು ಗಾಳಿ ಹರಿಯುವ ಕೊಳವೆ ಇರುವುದು ಸುಡುವ ಚಾವಣಿಯ ಒಳಗೇ, ಅದರ ಸಂದುಗಳಿಗೆ ಕಾರ್ಖಾನೆಯಲ್ಲಿ ನೆಟ್ಟಗೆ ಟೇಪು ಹಾಕಿರಲಿಲ್ಲ. ಅರ್ಧ ತಂಪು ಚಾವಣಿಗೇ ನೈವೇದ್ಯ. ಇದರ ಜೊತೆಗೆ, ಎ.ಸಿ.ಗೆ ಅತಿ ಹೆಚ್ಚು ಶಕ್ತಿ ಬೇಕಾದ ಹೊತ್ತಿನಲ್ಲೇ ಅದರ ಶಕ್ತಿ ಕುಗ್ಗುತ್ತದೆ. ಒಳಗಿನ ಶಾಖವನ್ನು ಹೊರಗಿನ ಗಾಳಿಗೆ ದಾಟಿಸುವುದು ಅದರ ಕೆಲಸ. ಹೊರಗಿನ ಗಾಳಿಯೇ ಕಾದು ಕೂತಿದ್ದರೆ ಯಾರಿಗೆ ದಾಟಿಸಬೇಕು?

ವಾಪಸ್ಸು ಬರುವ ದಾರಿಯಲ್ಲೇ ಇನ್ನೊಂದು ಎ.ಸಿ. ಕೂಡ್ರಿಸುವುದು ನಿಶ್ಚಯವಾಯಿತು. ಹೇಗೆ ಅನ್ನುವುದಕ್ಕೆ ಮಾತ್ರ ವಾರಗಟ್ಟಲೆ ಚರ್ಚೆ. ಮೊದಲು ಬಂದದ್ದು ಚಕ್ರವಿರುವ ಪೋರ್ಟಬಲ್ ಎ.ಸಿ., ಕಿಟಕಿಗೆ ಒಂದು ಸೊಂಡಿಲು ಹಾಕಿ ಬಿಸಿಗಾಳಿ ಹೊರದೂಡುವಂಥದ್ದು. ಅದರ ಮಹಿಮೆ ಏನೆಂದರೆ, ಹೊರದೂಡುವ ಗಾಳಿಯನ್ನು ಅದು ಕೋಣೆಯೊಳಗಿಂದಲೇ ತೆಗೆದುಕೊಳ್ಳುತ್ತದೆ. ಒಳಗಿನಿಂದ ಎಷ್ಟು ಗಾಳಿ ಹೋಯಿತೋ ಅಷ್ಟೇ ಗಾಳಿ ಬಾಗಿಲ ಸಂದಿ, ಕಿಟಕಿ ಸಂದಿಯಿಂದ ಒಳಬರಲೇಬೇಕು, ಬರುವುದು 45 ಡಿಗ್ರಿಯ ಗಾಳಿ. ಮುಂಬಾಗಿಲಲ್ಲಿ ಕಳಿಸಿದ ನೆಂಟ ಹಿತ್ತಲಿಂದ ಬರುವ ವ್ಯವಸ್ಥೆ. ಎರಡು ಸೊಂಡಿಲಿನದು ಇದಕ್ಕಿಂತ ಮೇಲು, ಆದರೆ ಅದನ್ನು ಇಡುವ ಜಾಗದಲ್ಲಿ ಅಕ್ಕನ ಕುಕ್ಕರ್ ಪೆಟ್ಟಿಗೆ ಇತ್ತು, ಆ ಮಾತು ಅಲ್ಲಿಗೆ ಮುಗಿಯಿತು.

ಎರಡನೆಯದು ಕಿಟಕಿ ಎ.ಸಿ. 5,000 ಬಿ.ಟಿ.ಯು.ನ ಪುಟ್ಟದು, 450 ವ್ಯಾಟ್ ಕುಡಿದು ತಣ್ಣಗೆ ಮಲಗುವಂಥದ್ದು. ನನ್ನ ಓಟು ಇದಕ್ಕೇ ಇತ್ತು. ಬೆಲೆ ಕಡಿಮೆ, ಕರೆಂಟು ಕಡಿಮೆ, ಮಲಗುವ ಕೋಣೆಗೆ ಧಾರಾಳ ಸಾಕು. ಆದರೆ ಅದನ್ನಿಡಲು ಹಿಂಭಾಗದ ಗೋಡೆ ಕೊಯ್ಯಬೇಕು, ಹೊರಗಿಂದ ನೋಡಿದರೆ ಚಂದ ಕಾಣುವುದಿಲ್ಲ. “ನೋಡಿದವ್ರು ಏನಂತಾರ?” ಅಂದರು ಭಾವ. ಮರುಭೂಮಿಯ ನಡುವೆ, 50 ಡಿಗ್ರಿಯಲ್ಲಿ, ಟ್ರೇಲರಿನ ಬೆನ್ನು ನೋಡಿ ಏನಾದರೂ ಅನ್ನಲು ಯಾರು ನಿಂತಿರುತ್ತಾರೆ ಅನ್ನುವುದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಹಾಗಾಗಿ ಚಾವಣಿಯ ಮೇಲಿನದೇ ಗತಿ. ಅದಕ್ಕೊಂದು ಅನುಕೂಲವೂ ಇದೆ. ಈ ಟ್ರೇಲರುಗಳ ಮಲಗುವ ಕೋಣೆಯ ಚಾವಣಿಯಲ್ಲಿ ಗಾಳಿ ಹೊರಗೆ ಹೋಗಲು ಒಂದು ಫ್ಯಾನು ಕೂರಿಸಿರುತ್ತಾರೆ. ಆ ಫ್ಯಾನಿನ ಕಂಡಿ 14 ಇಂಚು ಚೌಕ. ಎ.ಸಿ. ಕೂರುವ ಕಂಡಿಯೂ 14 ಇಂಚು ಚೌಕ. ಫ್ಯಾನು ತೆಗೆದು ಎ.ಸಿ. ಇಟ್ಟರೆ ಮುಗಿಯಿತು, ಹೊಸದಾಗಿ ಏನೂ ಕೊಯ್ಯಬೇಕಿಲ್ಲ. ಇಡುವುದು 45 ಕಿಲೋ ತೂಕದ ಡಬ್ಬ, ಚಾವಣಿ ತಾಳುತ್ತದೆಯೇ, ಕೆಳಗೆ ಅಡ್ಡಪಟ್ಟಿ ಇದೆಯೇ ಎಂದು ಮಾತ್ರ ನೋಡಿಕೊಳ್ಳಬೇಕು.

ಮುಗಿಯಿತು ಅಂದೆನಲ್ಲ, ಶುರುವಾಗುವುದೇ ಅಲ್ಲಿಂದ. ಎರಡನೇ ಎ.ಸಿ. ಅನ್ನುವುದು ಮನೆ ಅಳಿಯ ಇದ್ದ ಹಾಗೆ. ಒಬ್ಬನೇ ಬರುತ್ತೇನೆ ಅಂತ ಬರುತ್ತಾನೆ, ಆಮೇಲೆ ಅವನಿಗೆ ಬೇರೆ ತಟ್ಟೆ, ಬೇರೆ ಹಾಸಿಗೆ, ಬೇರೆ ಬಚ್ಚಲು. ಭಾವನವರ ಟ್ರೇಲರು 30 ಆಂಪಿನದು. ಅಮೆರಿಕದ 120 ವೋಲ್ಟಿಗೆ 30 ಆಂಪ್ ಅಂದರೆ ಒಟ್ಟು 3,600 ವ್ಯಾಟ್. ಒಂದು ಎ.ಸಿ. ಓಡುವಾಗ 13ರಿಂದ 15 ಆಂಪ್ ತೆಗೆದುಕೊಳ್ಳುತ್ತದೆ. ಕಂಪ್ರೆಸರ್ ಎದ್ದೇಳುವ ಆ ಒಂದು ಕ್ಷಣ ಅದರ ಎಷ್ಟೋ ಪಟ್ಟು ಎಳೆಯುತ್ತದೆ. ಮೈಕ್ರೋವೇವಿಗೂ 12-13 ಆಂಪ್. ಅಂದರೆ ಎರಡು ಎ.ಸಿ. ಹಾಕಿದರೆ ಮೈಕ್ರೋವೇವ್ ಹಾಗಿರಲಿ, ಫ್ರಿಜ್ಜೂ ಬಾಯಿ ಬಿಡುವಂತಿಲ್ಲ. ಅಕ್ಕ ಮೈಸೂರಿನ ಗಾಂಭೀರ್ಯದಲ್ಲಿ ಕೇಳಿದಳು: “ರೀ, ಉಪ್ಪಿಟ್ಟು ಬಿಸಿ ಮಾಡ್ಲೋ, ನಿಮ್ಮನ್ನ ತಂಪು ಮಾಡ್ಲೋ? ಎರಡ್ರಲ್ಲಿ ಒಂದು ಹೇಳಿ.”

ಕ್ಯಾಂಪಿನಲ್ಲಿ ಗಾಡಿ ನಿಲ್ಲಿಸುವ ಜಾಗದಲ್ಲಿ ಒಂದು ಕರೆಂಟಿನ ಕಂಬವಿರುತ್ತದೆ. ಅದರಲ್ಲಿ 50 ಆಂಪಿನದೊಂದು, 30ರದೊಂದು, 20ರದೊಂದು ಸಾಕೆಟ್ಟು. ದೊಡ್ಡ ಗಾಡಿಗಳಿಗೆ 50ರದು. ಅದರಲ್ಲಿ 120 ವೋಲ್ಟಿನ ಎರಡು ಲೈನು, ಒಂದೊಂದರಲ್ಲೂ 50 ಆಂಪ್, ಒಟ್ಟು 12,000 ವ್ಯಾಟ್, ಎರಡು ಎ.ಸಿ. ಹಾಕಿ ಉಪ್ಪಿಟ್ಟನ್ನೂ ಬಿಸಿ ಮಾಡಬಹುದು. ಅಡಾಪ್ಟರ್ ಹಾಕಿ ಅದಕ್ಕೇ ಸಿಕ್ಕಿಸಿದರಾಯಿತಲ್ಲ ಅಂತ ಅಂಗಡಿಯವನೊಬ್ಬ ಸಲಹೆ ಕೊಟ್ಟ, ಅಡಾಪ್ಟರನ್ನು ಮಾರಲೂ ಹೊರಟ. ಅಡಾಪ್ಟರು ಪಿನ್ನು ಬದಲಾಯಿಸುತ್ತದೆ, ಹಣೆಬರಹ ಬದಲಾಯಿಸುವುದಿಲ್ಲ. ಒಳಗಿನ ಬ್ರೇಕರು 30ರದೇ. ಕೊನೆಗೆ ಭಾವ ಮಾಡಿದ್ದು ಜಾಣತನದ ಕೆಲಸ, ಒಪ್ಪಿಕೊಳ್ಳಬೇಕು. ಹೊಸ ಎ.ಸಿ.ಗೆ ಹಳೆಯ ವೈರಿಂಗಿನ ಸಂಬಂಧವೇ ಇಲ್ಲದಂತೆ ಟ್ರೇಲರಿನ ಪಕ್ಕೆಯಲ್ಲಿ ಬೇರೆ ಸಾಕೆಟ್ಟು ಕೂರಿಸಿ, ಅಲ್ಲಿಂದ ದಪ್ಪ ತಾಮ್ರದ ವೈರು ಎಳೆದು ಕಂಬದ 20 ಆಂಪಿನ ಬಾಯಿಗೆ ಸಿಕ್ಕಿಸುವ ಏರ್ಪಾಟು. ತೆಳ್ಳನೆಯ ಎಕ್ಸ್‌ಟೆನ್ಷನ್ ವೈರಾದರೆ ಬಿಸಿಯಾಗಿ ಕರಗುತ್ತದೆ, ಒಮ್ಮೊಮ್ಮೆ ಟ್ರೇಲರನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಕಂಪ್ರೆಸರ್ ಮೆಲ್ಲಗೆ ಏಳಲೆಂದು ಸಾಫ್ಟ್ ಸ್ಟಾರ್ಟ್ ಎಂಬ ಪುಟ್ಟ ಪೆಟ್ಟಿಗೆಯೂ ಬಂತು.

ಇನ್ನೊಂದು ಪೆಟ್ಟಿಗೆಯ ಸಂಗತಿ ಕೇಳಿ ನನಗೆ ಊರಿನ ನೆನಪಾಯಿತು. ಬೇಸಿಗೆಯ ಮಧ್ಯಾಹ್ನ ಕ್ಯಾಂಪಿನ ಗಾಡಿಗಳೆಲ್ಲ ಒಟ್ಟಿಗೆ ಎ.ಸಿ. ಹಾಕಿದಾಗ ವೋಲ್ಟೇಜು ಇಳಿಯುತ್ತದೆ. 104ಕ್ಕಿಂತ ಕೆಳಗೆ ಹೋದರೆ ಕಂಪ್ರೆಸರಿಗೆ ಅಪಾಯ, ಆದ್ದರಿಂದ ಲೈನನ್ನೇ ಕತ್ತರಿಸುವ ಪೆಟ್ಟಿಗೆ ಹಾಕುತ್ತಾರೆ. ದುಡ್ಡಿದ್ದವರು ವೋಲ್ಟೇಜನ್ನು ಎತ್ತಿ ಕೊಡುವ ಪೆಟ್ಟಿಗೆ ಹಾಕುತ್ತಾರೆ. ಸ್ಟೆಬಿಲೈಜರ್ ಕಣ್ರೀ! ಫ್ರಿಜ್ಜಿನ ತಲೆಯ ಮೇಲೆ ಕ್ರೋಷಾ ಬಟ್ಟೆ ಹೊದಿಸಿ ಇಡುತ್ತಿದ್ದೆವಲ್ಲ, ಅದೇ. ಚಂದ್ರನ ಮೇಲೆ ಇಳಿದ ದೇಶದಲ್ಲಿ, ಸರೋವರದ ದಡದಲ್ಲಿ ಕೂತು, ಭಾವ “ವೋಲ್ಟೇಜ್ ಎಷ್ಟೈತಿ ನೋಡು” ಅನ್ನುವುದು, ಅಕ್ಕ ಒಳಗಿನಿಂದ “ನೂರಾ ಆರು” ಅಂತ ಕೂಗುವುದು. ಇದಕ್ಕೆ ವೀಸಾ ಬೇಕಿತ್ತೆ?

ಎ.ಸಿ. ಕೂರಿಸಿದ್ದು ನಮ್ಮ ಮನೆಯ ಪಕ್ಕದ ಜಾಗದಲ್ಲಿ. ಭಾವನವರ ಬಡಾವಣೆಯ ಸಂಘದವರು ಮನೆಮುಂದೆ ಟ್ರೇಲರ್ ನಿಲ್ಲಿಸಲು ಬಿಡುವುದಿಲ್ಲ. ಅದು ಬೇರೆಡೆ ತಿಂಗಳ ಬಾಡಿಗೆ ಕೊಟ್ಟು ವಾಸವಾಗಿದೆ. ಮನೆಗೇ ಒಂದು ಬಾಡಿಗೆ ಮನೆ. ಬೆಳಗಿನ ಐದಕ್ಕೆ ಶುರು ಮಾಡಿದೆವು, ಒಂಬತ್ತು ದಾಟಿದರೆ ಆ ಚಾವಣಿಯ ಮೇಲೆ ಮೊಣಕಾಲೂರಲು ಆಗುವುದಿಲ್ಲ. ರಬ್ಬರಿನ ತೆಳು ಹೊದಿಕೆ, ಅದರ ಕೆಳಗೆ ತೆಳು ಪ್ಲೈವುಡ್ಡು. ಭಾರ ಒಂದೇ ಕಡೆ ಬೀಳದಿರಲೆಂದು ಹಲಗೆ ಹಾಸಿಕೊಂಡು ಅಂಬೆಗಾಲಿಟ್ಟು ಹೋದೆವು. ಫ್ಯಾನಿನ ಸ್ಕ್ರೂಗಳೆಲ್ಲ ಗಟ್ಟಿಯಾದ ಬಿಳಿ ಅಂಟಿನ ಕೆಳಗೆ ಅಡಗಿದ್ದವು. ಚಾಕು ಹಾಕಿದರೆ ರಬ್ಬರು ಹರಿದೀತೆಂದು ಪ್ಲಾಸ್ಟಿಕ್ಕಿನ ಸಣ್ಣ ಸಲಿಕೆಯಿಂದ ಅಂಟನ್ನು ಚೂರು ಚೂರೇ ಕೆರೆದು, ಸ್ಕ್ರೂ ಬಿಚ್ಚಿ, ಫ್ಯಾನು ಎತ್ತಿದಾಗ ಚೊಕ್ಕವಾದ ಬೆಳಕಿಂಡಿ ತೆರೆಯಿತು. ಕೆಳಗೆ ಹಾಸಿಗೆಯ ಮೇಲೆ ನಿಂತ ಅಕ್ಕನ ಮುಖ ಕಂಡಿತು. ಮುಖ ಮಾಯವಾಗಿ ಕೈ ಬಂತು, ಕೈಯಲ್ಲಿ ಸ್ಟೀಲಿನ ಲೋಟ, ಲೋಟದಲ್ಲಿ ನೊರೆಗಟ್ಟಿದ ಫಿಲ್ಟರ್ ಕಾಫಿ. ಅವಳ ಅಭಿಪ್ರಾಯ ಖಚಿತವಾಗಿತ್ತು: “ಇದನ್ನ ಹೀಗೇ ಬಿಡಿ. ಮನೆ ಕಟ್ಟಿದಮೇಲೆ ಮೊದಲ್ನೇ ಸಲ ಉಪಯೋಗಕ್ಕೆ ಬಂತು.”

ಡಬ್ಬವನ್ನು ಏಣಿಯ ಮೇಲೆ ಜಾರಿಸಿಕೊಂಡು ಮೇಲೆ ತಂದು ಕಂಡಿಯ ಮೇಲಿಟ್ಟೆವು. ಅದರ ಅಡಿಯಲ್ಲಿ ಫೋಮಿನ ಗ್ಯಾಸ್ಕೆಟ್ಟು ಇರುತ್ತದೆ. ಒಳಗಿನಿಂದ ನಾಲ್ಕು ಬೋಲ್ಟು ಬಿಗಿದು ಅದು ಅರ್ಧಕ್ಕೆ ಕುಸಿಯುವಷ್ಟು ಒತ್ತಬೇಕು. ಸಡಿಲವಾದರೆ ಮಳೆನೀರು ಒಳಗೆ, ಅತಿಯಾದರೆ ಚಾವಣಿ ಸೊಟ್ಟ. ಭಾವ ಬಿಗಿದು, ಇಳಿದು, ಹತ್ತಿ, ಬಗ್ಗಿ ನೋಡಿ, ಮತ್ತೆ ಕಾಲು ಸುತ್ತು ಬಿಗಿದರು. ಅಕ್ಕನ ಪ್ರಕಾರ ಮಗಳ ಮದುವೆಯ ಮಾತುಕತೆಯಲ್ಲೂ ಅವರು ಇಷ್ಟು ಎಚ್ಚರ ವಹಿಸಿರಲಿಲ್ಲ.

ಫಲಿತಾಂಶ? ತಂಪಾಯಿತು, ಸುಳ್ಳು ಹೇಳಬಾರದು. 44 ಡಿಗ್ರಿಯ ದಿನ ಒಳಗೆ 26. ಆದರೆ ಎರಡೂ ಓಡುವಾಗಿನ ಗದ್ದಲದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಅಕ್ಕ ಈ ತುದಿಯಿಂದ “ರೀ, ಗ್ಯಾಸ್ ಆಫ್ ಮಾಡಿ” ಅಂದರೆ ಭಾವ ಆ ತುದಿಯಿಂದ “ಹೌದೌದು, ಭಾಳ ಛಲೋ ಐತಿ” ಅನ್ನುತ್ತಾರೆ. ಸಂಸಾರಕ್ಕೆ ಇದರಿಂದ ಒಳ್ಳೆಯದೇ ಆಗಿದೆ ಎಂದು ಇಬ್ಬರೂ ನನಗೆ ಬೇರೆಬೇರೆಯಾಗಿ ಹೇಳಿದ್ದಾರೆ.

ಎರಡನೇ ಎ.ಸಿ. ಕೂರಿಸಿಕೊಂಡು ಕ್ಯಾಂಪಿಗೆ ಹೋದ ಸಲ ಪಕ್ಕದ ಗಾಡಿಯಲ್ಲಿದ್ದವನು ಒಬ್ಬ ಮುದುಕ, ಜೀವನವಿಡೀ ಲಾರಿ ಓಡಿಸಿದವನು. ಅವನದು ಒಂದೇ ಎ.ಸಿ., ಆದರೂ ಒಳಗೆ ನಮಗಿಂತ ಹೆಚ್ಚು ಸೆಕೆ ಇರಲಿಲ್ಲ. ಬಿಸಿಲು ಒಳಗೆ ಬರುವ ಮುಂಚೆಯೇ ಅವನು ತಡೆದಿದ್ದ. ಕಿಟಕಿಗೆಲ್ಲ ಬೆಳ್ಳಿಬಣ್ಣದ ಗುಳ್ಳೆಹಾಳೆ, ಚಾವಣಿಯ ಕಂಡಿಗಳಿಗೆ ಅಳತೆಗೆ ಹೊಲಿಸಿದ ದಿಂಬು, ಮರೆಚಪ್ಪರವಿರುವ ಮಗ್ಗುಲನ್ನು ಪಶ್ಚಿಮಕ್ಕೆ ತಿರುಗಿಸಿ ಗಾಡಿ ನಿಲ್ಲಿಸಿ, ಚಪ್ಪರದ ತುದಿಯಿಂದ ನೆರಳುಬಟ್ಟೆ ಇಳಿಬಿಟ್ಟಿದ್ದ. ಎ.ಸಿ. ಹಾಕುತ್ತಿದ್ದದ್ದು ಬೆಳಗಿನ ಏಳಕ್ಕೆ, ಗಾಡಿ ಕಾಯುವ ಮೊದಲೇ. ಕಾದ ಮೇಲೆ ಆರಿಸುವುದಕ್ಕಿಂತ ಕಾಯದ ಹಾಗೆ ನೋಡಿಕೊಳ್ಳುವುದು ಸಲೀಸು. ಕೊಳವೆಯ ಸಂದುಗಳಿಗೆ ಅಲ್ಯುಮಿನಿಯಂ ಟೇಪು ಹಾಕುವುದನ್ನು ಹೇಳಿಕೊಟ್ಟವನೂ ಅವನೇ. ಇಷ್ಟಕ್ಕೂ ಖರ್ಚು ಎರಡನೇ ಎ.ಸಿ.ಯ ಪಕ್ಕದಲ್ಲಿ ಏನೂ ಅಲ್ಲ. ಇದನ್ನೆಲ್ಲ ಮೊದಲು ಮಾಡಿ, ಆಮೇಲೂ ಸೆಕೆಯಾದರೆ ಎರಡನೆಯದು ತರಬೇಕಿತ್ತು ಎಂದು ನಾನು ಈಗ ಧೈರ್ಯವಾಗಿ ಹೇಳಬಲ್ಲೆ, ಭಾವನವರು ಕನ್ನಡ ಪತ್ರಿಕೆ ಓದುವುದು ಬಿಟ್ಟು ಬಹಳ ಕಾಲವಾಯಿತು.

ಹುಚ್ಚು ಇವರೊಬ್ಬರದೇ ಅಲ್ಲ ಬಿಡಿ. 1936ರಲ್ಲಿ, ಅಮೆರಿಕ ಇನ್ನೂ ಮಹಾಕುಸಿತದಿಂದ ಚೇತರಿಸಿಕೊಳ್ಳುತ್ತಿದ್ದಾಗಲೇ, ವಾಲಿ ಬಯಮ್ ಎಂಬಾತ ಏರ್‌ಸ್ಟ್ರೀಮ್ ಕ್ಲಿಪ್ಪರ್ ಅನ್ನುವ ಹೊಳೆಯುವ ಅಲ್ಯುಮಿನಿಯಂ ಟ್ರೇಲರನ್ನು 1,200 ಡಾಲರಿಗೆ ಮಾರುತ್ತಿದ್ದ. ಅದಕ್ಕೂ ತಂಪಿನ ವ್ಯವಸ್ಥೆ ಇತ್ತು, ಡ್ರೈ ಐಸ್ ಇಟ್ಟು ಗಾಳಿ ಬೀಸುವಂಥದ್ದು.

ಅಕ್ಕನಿಗೆ ಈ ಇತಿಹಾಸದಲ್ಲಿ ಆಸಕ್ತಿ ಇಲ್ಲ. ಅವಳು ಭೂಗೋಳದವಳು. ಫೀನಿಕ್ಸಿನಿಂದ ಉತ್ತರಕ್ಕೆ ಐ-17ರಲ್ಲಿ ಎರಡು ಗಂಟೆ ಚಿಲ್ಲರೆ ಹೋದರೆ ಫ್ಲಾಗ್‌ಸ್ಟಾಫ್. ಸಮುದ್ರಮಟ್ಟದಿಂದ 2,100 ಮೀಟರ್ ಎತ್ತರ, ಸುತ್ತ ಪೈನ್ ಮರಗಳ ಕಾಡು. ಕೆಳಗೆ ಊರು ಕುದಿಯುವಾಗ ಅಲ್ಲಿ ಸ್ವೆಟರು. ಫೀನಿಕ್ಸಿನ ಬುದ್ಧಿವಂತರು ಬೇಸಿಗೆಯಲ್ಲಿ ಹೋಗುವುದೇ ಅಲ್ಲಿಗೆ. ಮುಂದಿನ ಶುಕ್ರವಾರಕ್ಕೆ ಅವಳೇ ಜಾಗ ಕಾದಿರಿಸಿದಳು. ಭಾವನವರು ಎರಡು ಎ.ಸಿ., ಎರಡು ವೈರು, ಸ್ಟೆಬಿಲೈಜರ್ ಸಮೇತ ಗುಡ್ಡ ಹತ್ತಿದರು. ಹತ್ತುವಾಗ ಎಂಜಿನ್ ಕಾದು, ಟ್ರಕ್ಕಿನ ಎ.ಸಿ. ಆರಿಸಿ, ಗಾಜು ಇಳಿಸಿಕೊಂಡು ಬೆವರುತ್ತ ಹೋದರಂತೆ.

ರಾತ್ರಿ ಫ್ಲಾಗ್‌ಸ್ಟಾಫಿನಲ್ಲಿ ಆರು ಡಿಗ್ರಿ. ಗ್ಯಾಸಿನ ಹೀಟರು ಹೊತ್ತಿಸಿದರು. ಅದು ಸ್ವಲ್ಪ ಹೊತ್ತಿಗೆ ಸಿಲಿಂಡರ್ ಮುಗಿದು ಆರಿತು. ಬೆಳಗ್ಗೆ ನನಗೆ ಫೋನ್ ಬಂತು. ಭಾವನವರ ದನಿಯಲ್ಲಿ ಹೊಸ ಉತ್ಸಾಹ: “ಏನಪಾ, ಈ ಚಾವಣಿ ಎ.ಸಿ.ಯೊಳಗ ಹೀಟ್ ಪಂಪ್ ಇರೋದೂ ಬರ್ತಾವಂತ. ಅದನ್ನ ತಂದು ಕೂಡ್ರಿಸಿದ್ರ ಬ್ಯಾಸಗಿ, ಚಳಿ ಎರಡಕ್ಕೂ ಒಂದೇ ಆತು. ಭಾನುವಾರ ಏಣಿ ತೆಗೆದಿಟ್ಟಿರು.”

ಹಿಂದಿನಿಂದ ಅಕ್ಕನ ದನಿ ಕೇಳಿಸಿತು, ಎ.ಸಿ. ಯಾವುದೂ ಓಡುತ್ತಿರಲಿಲ್ಲವಾದ್ದರಿಂದ ಸ್ಪಷ್ಟವಾಗಿಯೇ: “ಕಂಬಳಿ ಎಷ್ಟಕ್ಕೆ ಸಿಗತ್ತೆ ಕೇಳ್ರೀ ಮೊದಲು.”